ನಾಳೆಯವಳ ಕುರ್ಚಿ

ನಮ್ಮ ಕಡೆ ಗಂಡಸೊಬ್ಬ ಸಾಲ ಮಾಡಿ ಅಂಗಡಿ ಹಾಕಿದರೆ, ಬೋಣಿ ಆಗುವ ಮೊದಲೇ ಪಕ್ಕದ ಅಂಗಡಿಯವನು ಅವನನ್ನು 'ಸಾಹುಕಾರ್ರೇ' ಎಂದು ಕರೆಯುತ್ತಾನೆ. ಅದೇ ಸಾಲಿನಲ್ಲಿ ಹೆಂಗಸೊಬ್ಬಳು ಬಾಗಿಲು ತೆರೆದರೆ ಮೊದಲು ಕೇಳುವ ಪ್ರಶ್ನೆ, 'ನಿಮ್ಮ ಯಜಮಾನ್ರು ಏನ್ ಮಾಡ್ತಾರೆ?' ಅದಕ್ಕೆ ಉತ್ತರ ಕೊಟ್ಟ ಮೇಲೆ ಎರಡನೆಯದು, 'ಇದು ಟೈಂ ಪಾಸ್‌ಗಾ?' ಗಂಡಸಿಗೆ ಅವನ ನಾಳೆಯನ್ನು ಊರೇ ಕೈಗಡ ಕೊಡುತ್ತದೆ. ಹೆಂಗಸು ತನ್ನ ನಾಳೆಯನ್ನು ತಾನೇ ಊಹಿಸಿಕೊಳ್ಳಬೇಕು, ಬೇರೆ ಯಾರೂ ನಂಬದಿರುವಾಗಲೂ ಅದನ್ನು ನಂಬಬೇಕು. ಅದಕ್ಕೇ ಇರಬೇಕು, 'ಮುಂದೆ ಏನಾಗಬೇಕು ಅಂತಿದ್ದೀರೋ ಈಗಿನಿಂದಲೇ ಹಾಗೆ ಬದುಕಿ' ಎಂಬ ಮಾತು ನಮ್ಮಂಥವರ ಎದೆಗೆ ಅಷ್ಟು ಬೇಗ ತಾಗುತ್ತದೆ. ನನಗೂ ತಾಗಿತ್ತು. ಆ ಮಾತನ್ನು ಈಗಲೂ ನಂಬುತ್ತೇನೆ. ಆದರೆ ಒಂದು ಸಲ ಅದನ್ನು ತಪ್ಪಾಗಿ ತಿಳಿದುಕೊಂಡು ಅಂಗಡಿಯನ್ನೂ ಒಡವೆಯನ್ನೂ ಕಳೆದುಕೊಂಡೆ, ಒಬ್ಬ ಹುಡುಗಿಯ ಮದುವೆಯ ಸಂಜೆಯನ್ನು ಕೆಡಿಸಿದೆ. ಹೊಸದಾಗಿ ಹೆಜ್ಜೆ ಇಡುತ್ತಿರುವ ಹೆಣ್ಣುಮಕ್ಕಳಿಗೆ ಅದನ್ನು ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಶಿವಮೊಗ್ಗದ ನಮ್ಮ ಬಾಡಿಗೆ ಮನೆಯ ಹಜಾರದಲ್ಲಿ ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಒಂದು ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದೆ. ಸಾದಾ ರವಿಕೆ, ಲೈನಿಂಗ್ ರವಿಕೆ, ಸೀರೆಗೆ ಫಾಲ್ಸ್, ಪೀಕೊ. ಸಂಜೆ ಹೊತ್ತು ಸೆರಗಿಗೆ ಕುಚ್ಚು. ನನ್ನ ಹೊಲಿಗೆ ಚೆನ್ನಾಗಿತ್ತು. ಲೈನಿಂಗ್ ಬಟ್ಟೆಯನ್ನು ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಒಣಗಿಸಿ, ಇಸ್ತ್ರಿ ಮಾಡಿದ ಮೇಲೇ ಕತ್ತರಿ ಇಡುತ್ತಿದ್ದೆ. ಹಾಗೆ ಮಾಡದಿದ್ದರೆ ಮೊದಲ ಒಗೆತಕ್ಕೇ ಒಳಬಟ್ಟೆ ಕುಗ್ಗಿ ಮೇಲಿನ ಬಟ್ಟೆ ಸುಕ್ಕುಗಟ್ಟುತ್ತದೆ. ಬೀದಿಯ ಹೆಂಗಸರಿಗೆ ಇದು ಗೊತ್ತಿತ್ತು, ಅದಕ್ಕೇ ನನ್ನ ಹತ್ತಿರ ಬರುತ್ತಿದ್ದರು. ಆದರೆ ದುಡ್ಡಿನ ವಿಷಯ ಬಂದಾಗ ನನ್ನ ದನಿ ಇಳಿಯುತ್ತಿತ್ತು. 'ಎಷ್ಟಾಯ್ತೇ?' ಅಂದರೆ 'ಕೊಡಿ ಅಕ್ಕಾ, ನೀವು ಕೊಟ್ಟಷ್ಟು' ಅನ್ನುತ್ತಿದ್ದೆ. ನೆಂಟರಿಗೆ ಪುಕ್ಕಟೆ, ಪಕ್ಕದ ಮನೆಯವರಿಗೆ ಅರ್ಧ. ತಿಂಗಳ ಕೊನೆಗೆ ನೂಲು, ಹುಕ್ಕು, ಲೈನಿಂಗ್‌ನ ದುಡ್ಡು ಕಳೆದರೆ ಕೈಯಲ್ಲಿ ಉಳಿಯುತ್ತಿದ್ದದ್ದು ತರಕಾರಿಯ ಖರ್ಚಿಗೆ ಸರಿಹೋಗುತ್ತಿತ್ತು.

ಆ ಹೊತ್ತಿಗೆ ಹೆಣ್ಣುಮಕ್ಕಳಿಗಾಗಿ ನಡೆದ ಒಂದು ಸ್ವಉದ್ಯೋಗ ತರಬೇತಿಗೆ ಹೋದೆ. ಅಲ್ಲಿ ಕಿರಣ್ ಮಜುಂದಾರ್ ಅವರ ಕಥೆ ಹೇಳಿದರು. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ಶಾಸ್ತ್ರ ಓದಿ ಬಂದ ಹುಡುಗಿಗೆ ಇಲ್ಲಿ ಹೆಣ್ಣೆಂಬ ಕಾರಣಕ್ಕೆ ಆ ಕೆಲಸ ಸಿಗಲಿಲ್ಲ. 1978ರಲ್ಲಿ ಬೆಂಗಳೂರಿನ ಒಂದು ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳದಲ್ಲಿ ಬಯೋಕಾನ್ ಶುರುಮಾಡಿದರು. ಬ್ಯಾಂಕುಗಳು ಸಾಲ ಕೊಡಲು ಹಿಂದೆಮುಂದೆ ನೋಡಿದವು. ಮೊದಲು ತಯಾರಿಸಿದ್ದು ಪಪ್ಪಾಯಿಯಿಂದ ತೆಗೆಯುವ ಕಿಣ್ವದಂಥ ಪದಾರ್ಥಗಳನ್ನು. ಕಥೆ ಮುಗಿದಾಗ ನನ್ನ ಮೈ ಜುಂ ಅಂದಿತ್ತು. ಯಾರೂ ನಂಬದ ಕಾಲದಲ್ಲೂ ಆಕೆ ತನ್ನನ್ನು ತಾನು ಉದ್ಯಮಿ ಎಂದು ಕಂಡರಲ್ಲ, ನಾನೂ ಹಾಗೇ ಕಾಣಬೇಕು ಎಂದುಕೊಂಡೆ. ಆಕೆಯ ಧೈರ್ಯವನ್ನು ಮನೆಗೆ ಹೊತ್ತು ತಂದೆ. ಗ್ಯಾರೇಜನ್ನು ಅಲ್ಲೇ ಬಿಟ್ಟು ಬಂದೆ. ಅದೇ ತರಬೇತಿಯಲ್ಲಿ ಮಾರನೆಯ ದಿನ ಖರ್ಚು ಲೆಕ್ಕ ಹಾಕಿ ಬೆಲೆ ಕಟ್ಟುವ ಪಾಠವೂ ಇತ್ತು. ಪುಸ್ತಕದಲ್ಲಿ ಬರೆದುಕೊಂಡೆ, ಮತ್ತೆ ತೆರೆದು ನೋಡಲಿಲ್ಲ.

2015ರಲ್ಲಿ ಬಂದ ಮುದ್ರಾ ಯೋಜನೆಯಲ್ಲಿ ಸಣ್ಣ ಉದ್ಯೋಗಕ್ಕೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. 50,000 ರೂಪಾಯಿವರೆಗಿನದು ಶಿಶು, ಅದರಿಂದ 5 ಲಕ್ಷದವರೆಗೆ ಕಿಶೋರ. ನನ್ನ ಕೆಲಸಕ್ಕೆ ಶಿಶು ಸಾಲವೇ ಸಾಕಿತ್ತು. ಒಂದು ಜೂಕಿ ಮೆಷಿನ್, ಒಂದು ಓವರ್‌ಲಾಕ್ ಮೆಷಿನ್, ಹಜಾರಕ್ಕೆ ಎರಡು ಒಳ್ಳೆಯ ದೀಪ ಹಾಕಿಸಿಕೊಂಡಿದ್ದರೆ ಕೆಲಸ ಎರಡರಷ್ಟು ಆಗುತ್ತಿತ್ತು. ಆದರೆ ಮುಂದೆ ದೊಡ್ಡ ಬೊಟಿಕ್ ನಡೆಸುವವಳು ಶಿಶು ಸಾಲ ಕೇಳುವುದುಂಟೇ ಅನ್ನಿಸಿತು. ಕಿಶೋರಕ್ಕೆ ಅರ್ಜಿ ಹಾಕಿದೆ. ಅಂಗಡಿಯ ಅಡ್ವಾನ್ಸಿಗೆ ಅದೂ ಸಾಲದೆ ತವರಿನಿಂದ ಬಂದ ಎರಡೆಳೆ ಸರ ಅಡವಿಟ್ಟೆ. ಅತ್ತೆ ಒಂದೇ ಮಾತು ಕೇಳಿದರು: 'ಅಲ್ಲಾ ಮಾರಾಯ್ತಿ, ಮನೇಲೇ ಬರೋ ಗಿರಾಕಿ ಹತ್ರ ದುಡ್ಡು ಕೇಳಕ್ಕೆ ಆಗದೋಳು, ಅಂಗಡೀಲಿ ಹೆಂಗೆ ಕೇಳ್ತೀಯೆ?' ಅವರದ್ದು ಹಳೇ ಕಾಲದ ಬುದ್ಧಿ ಎಂದುಕೊಂಡೆ. ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕ ಅತ್ಯಂತ ಸರಿಯಾದ ಪ್ರಶ್ನೆ ಅದೊಂದೇ ಆಗಿತ್ತು.

ದುರ್ಗಿಗುಡಿಯ ಹತ್ತಿರ, ಬಟ್ಟೆ ಅಂಗಡಿಗಳ ನಡುವೆ ಮಳಿಗೆ ಹಿಡಿದೆ. ಗಾಜಿನ ಬಾಗಿಲು, ಆಳೆತ್ತರದ ಕನ್ನಡಿ, ರವಿಕೆ ತೊಡಿಸಿ ನಿಲ್ಲಿಸಲು ಗೊಂಬೆ, ನನ್ನ ಹೆಸರಿನ ಕೆಳಗೆ 'ಸಂಸ್ಥಾಪಕಿ' ಎಂದು ಅಚ್ಚಾದ ಕಾರ್ಡು. ಮೇಜಿನ ಹಿಂದೆ ನನಗೊಂದು ತಿರುಗುವ ಕುರ್ಚಿ. ಅಕ್ಷಯ ತೃತೀಯದ ದಿನ ಪೂಜೆ ಮಾಡಿಸಿ ಬಾಗಿಲು ತೆರೆದೆ. ಮದುವೆಯ ಕಾಲವಾದ್ದರಿಂದ ಶುರುವಿನಲ್ಲಿ ಜನ ಬಂದರು. ಕುರ್ಚಿಯಲ್ಲಿ ಕೂತು, ಬೆನ್ನು ನೆಟ್ಟಗಿಟ್ಟು, 'ಬನ್ನಿ ಮೇಡಂ' ಎಂದು ಸ್ವಾಗತಿಸುವಾಗ ನನಗೆ ನಾನೇ ಹೊಸಬಳಂತೆ ಕಂಡೆ. ಆ ಖುಷಿ ನಿಜವಾದದ್ದು, ಅದನ್ನು ಇವತ್ತೂ ಸಣ್ಣದು ಮಾಡಲಾರೆ. ಜೀವಮಾನವಿಡೀ ನೆಲದ ಮೇಲೆ ಕೂತು ಹುಕ್ಕು ಹಾಕಿದವಳಿಗೆ ಒಂದು ಕುರ್ಚಿ ಎಂದರೆ ಏನೆಂದು ಅದರಲ್ಲಿ ಕೂತವಳಿಗೇ ಗೊತ್ತು.

ಆದರೆ ಕುರ್ಚಿಯ ಮೇಲೆ ಕೂತವಳು ಮೆಷಿನ್‌ನಿಂದ ದೂರವಾದಳು. ಮಾಲೀಕಳು ಹೊಲಿಯುತ್ತ ಕೂತರೆ ಗಿರಾಕಿಗಳಿಗೆ ಗೌರವ ಬರುವುದಿಲ್ಲ ಎಂಬುದು ನನ್ನ ತಲೆಗೆ ಹೊಕ್ಕಿತ್ತು. ಹಿಂದಿನ ಕೋಣೆಯಲ್ಲಿ ಇಬ್ಬರು ಹುಡುಗಿಯರನ್ನು ಸಂಬಳಕ್ಕೆ ಇಟ್ಟುಕೊಂಡೆ. ಲೈನಿಂಗ್ ನೆನೆಸಿದರೋ ಇಲ್ಲವೋ ಎಂದು ನೋಡಲು ನಾನು ಒಳಗೆ ಹೋಗುತ್ತಿದ್ದದ್ದು ಕಡಿಮೆಯಾಯಿತು. ಇನ್ನು ದುಡ್ಡು ಕೇಳುವ ಬಾಯಿ ಹಜಾರದಲ್ಲಿ ಇದ್ದ ಹಾಗೇ ಇತ್ತು. ಪರಿಚಯದವರು ರವಿಕೆ ತೆಗೆದುಕೊಂಡು 'ಆಮೇಲೆ ಕೊಡ್ತೀನಿ ಕಣೆ' ಅಂದರೆ 'ಅಯ್ಯೋ ಇರ್ಲಿ ಬಿಡಿ' ಅನ್ನುತ್ತಿದ್ದೆ. ದೊಡ್ಡ ಅಂಗಡಿಯವಳು ಮುನ್ನೂರು ನಾನೂರಕ್ಕೆ ಕೈಚಾಚಿದರೆ ಸಣ್ಣತನ ಎಂದು ಈಗ ಅದಕ್ಕೊಂದು ಹೊಸ ಸಮಜಾಯಿಷಿಯೂ ಸಿಕ್ಕಿತ್ತು. ಅಂಗಡಿ ಬಾಡಿಗೆ ಮಾತ್ರ ಪ್ರತಿ ತಿಂಗಳೂ ತಪ್ಪದೆ ಕೇಳುತ್ತಿತ್ತು.

ಆಷಾಢ ಬಂತು. ಮಲೆನಾಡಿನ ಮಳೆ, ಮದುವೆಗಳಿಲ್ಲದ ತಿಂಗಳು. ಹೊಲಿಗೆಯವರೆಲ್ಲರಿಗೂ ಗೊತ್ತಿರುವ ಲೆಕ್ಕ ಇದು: ವೈಶಾಖ ಜ್ಯೇಷ್ಠದಲ್ಲಿ ಕೂಡಿಟ್ಟದ್ದರಲ್ಲಿ ಆಷಾಢ ಕಳೆಯಬೇಕು, ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಮತ್ತೆ ಕೆಲಸ ಹಿಡಿಯಬೇಕು. ಮನೆಯಲ್ಲಿ ಹೊಲಿಯುವಾಗ ಆಷಾಢ ಎಂದರೆ ಸ್ವಲ್ಪ ವಿಶ್ರಾಂತಿ. ಅಂಗಡಿಯಲ್ಲಿ ಅದು ಬಾಡಿಗೆ, ಕರೆಂಟು, ಇಬ್ಬರ ಸಂಬಳ, ಬ್ಯಾಂಕಿನ ಕಂತು. ಕೂಡಿಟ್ಟದ್ದು ಏನೂ ಇರಲಿಲ್ಲ, ಕಾರಣ ಅದೆಲ್ಲ ಊರಿನ ಹೆಂಗಸರ ಮನೆಯಲ್ಲಿ 'ಆಮೇಲೆ ಕೊಡ್ತೀನಿ' ಆಗಿ ಉಳಿದಿತ್ತು. ಆ ಬಿಗಿಯಲ್ಲಿದ್ದಾಗಲೇ ಶ್ರಾವಣದ ಮದುವೆಯೊಂದರ ಕೆಲಸ ಬಂತು.

ಮದುಮಗಳ ತಾಯಿ ನಮ್ಮ ಹಳೆಯ ಬೀದಿಯವರು. ಆ ಹುಡುಗಿಗೆ ಶಾಲೆಗೆ ಹೋಗುವ ಕಾಲದಿಂದ ಲಂಗ ಬ್ಲೌಸು ಹೊಲಿದುಕೊಟ್ಟವಳು ನಾನು. ಧಾರೆ ಸೀರೆಯ ರವಿಕೆಗೆ ತುಂಬು ಆರಿ ವರ್ಕ್ ಬೇಕು ಅಂದರು, ಬೆನ್ನಿನ ಮೇಲೆ ಎದುರುಬದುರು ಎರಡು ನವಿಲು. 'ನಿನ್ನ ಅಂಗಡೀಲಿ ಆಗುತ್ತಲ್ಲ?' ಎಂದು ಕೇಳಿದರು. ನನಗೆ ಆರಿ ಬರುತ್ತಿರಲಿಲ್ಲ. ಮಾಡಿಸಿಯೂ ಗೊತ್ತಿರಲಿಲ್ಲ. ಆದರೆ ಬೊಟಿಕ್‌ನ ಒಡತಿ 'ಬರಲ್ಲ' ಅನ್ನುವುದು ಹೇಗೆ? 'ಯಾಕಾಗಲ್ಲ, ಅದೇ ನಮ್ಮ ಸ್ಪೆಷಲ್' ಅಂದೆ. ದಿನ ಕಡಿಮೆಯಿತ್ತು, ಅದಕ್ಕೂ ಹೂಂ ಅಂದೆ. ಹುಡುಗಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಳು, ಅಳತೆಗೆ ಬರಲು ರಜೆಯಿಲ್ಲ. ಅವಳ ಹಳೆಯ ರವಿಕೆಯೊಂದನ್ನು ಅಳತೆಗೆ ಕೊಟ್ಟರು. ಅದಕ್ಕೂ ಹೂಂ ಅಂದೆ.

ಆರಿ ಕೆಲಸದ ಕಷ್ಟ ಇರುವುದೇ ಅದರ ಕ್ರಮದಲ್ಲಿ. ಸಾದಾ ರವಿಕೆಯನ್ನು ಕತ್ತರಿಸಿ, ಕಚ್ಚಾ ಹೊಲಿದು, ತೊಡಿಸಿ ನೋಡಿ ತಿದ್ದಬಹುದು. ಆರಿಯಲ್ಲಿ ಕತ್ತರಿಸುವ ಮೊದಲೇ ಕಸೂತಿ. ಇಡೀ ಬಟ್ಟೆಯ ಮೇಲೆ ಕುತ್ತಿಗೆಯ ಆಳ, ಭುಜ, ತೋಳು ಎಲ್ಲ ಗುರುತು ಹಾಕಿ, ಮರದ ಚೌಕಟ್ಟಿಗೆ ಬಿಗಿದು, ಕೊಕ್ಕೆ ಸೂಜಿಯಲ್ಲಿ ಜರಿ, ಮಣಿ ಕೂರಿಸಿ ಮುಗಿಸಿದ ಮೇಲೆ ಕತ್ತರಿಸಿ ಹೊಲಿಯುವುದು. ಒತ್ತಾದ ಕಸೂತಿ ಬಟ್ಟೆಯನ್ನು ಎಳೆದು ಕುಗ್ಗಿಸುತ್ತದೆ, ಅದಕ್ಕಾಗಿ ಗುರುತು ಹಾಕುವಾಗಲೇ ಸ್ವಲ್ಪ ಹೆಚ್ಚು ಬಿಡಬೇಕು. ಅಳತೆಯನ್ನಂತೂ ಮೈಮೇಲಿಂದಲೇ ತೆಗೆಯಬೇಕು. ಗುರುತು ತಪ್ಪಿದರೆ ಆಮೇಲೆ ತಿದ್ದಲು ಜಾಗವೇ ಇಲ್ಲ. ಬಟ್ಟೆಯೂ ಬೇರೆ ಸಿಗದು, ರೇಷ್ಮೆ ಸೀರೆಯ ರವಿಕೆ ಕಣ ಬರುವುದು ಆ ಸೀರೆಯಲ್ಲೇ, ಒಂದೇ ಒಂದು. ಇದೆಲ್ಲ ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ, ಗೊತ್ತಿದ್ದವರನ್ನು ಕೇಳಲೂ ಇಲ್ಲ. ಹಳೆಯ ರವಿಕೆಯ ಅಳತೆಗೆ ನಾನೇ ಗುರುತು ಹಾಕಿ ಆರಿ ಮಾಡುವವರೊಬ್ಬರಿಗೆ ಕೊಟ್ಟೆ. 'ಅಳತೆ ಸರಿಯಿದೆಯಾ, ಹುಡುಗಿಗೆ ಹಿಡಿದು ನೋಡಿದ್ರಾ ಅಕ್ಕಾ?' ಎಂದು ಅವರು ಕೇಳಿದ್ದು ನೆನಪಿದೆ. 'ನೀವು ಕೆಲಸ ಶುರುಮಾಡಿ' ಅಂದದ್ದೂ ನೆನಪಿದೆ.

ಮದುವೆಯ ಹಿಂದಿನ ಸಂಜೆ ರವಿಕೆ ಹಿಡಿದು ಕಲ್ಯಾಣ ಮಂಟಪಕ್ಕೆ ಹೋದೆ. ಮದುಮಗಳ ಕೋಣೆಯಲ್ಲಿ ಅತ್ತಿಗೆ, ಚಿಕ್ಕಮ್ಮ, ಗೆಳತಿಯರು. ನವಿಲು ನೋಡಿ ಎಲ್ಲರೂ ಹೊಗಳಿದರು. ಹುಡುಗಿಯ ಎರಡೂ ಕೈಗೆ ಮೆಹಂದಿ ಹಚ್ಚಿದ್ದರಿಂದ ನಾನೇ ತೋಳು ಏರಿಸಿದೆ. ತೋಳು ಕಂಕುಳ ದಾಟುತ್ತಿದ್ದ ಹಾಗೆ ಬಿಗಿಯಿತು. ಮುಂದಿನ ಹುಕ್ಕುಗಳು ಒಂದಕ್ಕೊಂದು ಮುಟ್ಟಲಿಲ್ಲ. 'ಸ್ವಲ್ಪ ಉಸಿರು ಎಳ್ಕೋ' ಅಂದೆ. ಅವಳು ಎಳೆದುಕೊಂಡಳು. ಹೇಗೋ ಎರಡು ಹುಕ್ಕು ಹಾಕಿದರೆ ಭುಜ ಜಾರಿತು, ಬೆನ್ನಿನ ನವಿಲು ಎರಡೂ ತೋಳಿನ ಕಡೆ ಸರಿದು ಒಂದು ಓರೆಯಾಗಿ ನಿಂತಿತು. ಬಿಚ್ಚಿ ಸಡಿಲ ಮಾಡೋಣ ಎಂದರೆ ಅಂಚಿನವರೆಗೂ ಮಣಿ, ಒಳಗೆ ಬಟ್ಟೆ ಬಿಟ್ಟಿರಲಿಲ್ಲ. ಕೋಣೆಯಲ್ಲಿ ಮಾತು ನಿಂತಿತು. ಕೈ ಒದ್ದೆಯಾದ್ದರಿಂದ ಹುಡುಗಿ ಅದನ್ನು ತಾನಾಗಿ ಕಳಚಿಕೊಳ್ಳಲೂ ಆಗದೆ ಎರಡೂ ಕೈ ಎತ್ತಿಕೊಂಡೇ ನಿಂತಿದ್ದಳು. ಕಣ್ಣಲ್ಲಿ ನೀರು ಬಂದರೂ ಒರೆಸಿಕೊಳ್ಳುವ ಹಾಗಿರಲಿಲ್ಲ. ಅವಳ ಅತ್ತಿಗೆ ಒರೆಸಿದಳು. ನಾನು ಹುಕ್ಕು ಬಿಚ್ಚಿದೆ.

ಬೈದಿದ್ದರೆ ಹಗುರವಾಗುತ್ತಿತ್ತೇನೋ. ಹುಡುಗಿಯ ತಾಯಿ ಬೈಯಲಿಲ್ಲ. ಹೊರಗೆ ಕರೆದುಕೊಂಡು ಬಂದು ಮೆಲ್ಲಗೆ ಅಂದರು: 'ನಂಗೆ ಇದು ಬರಲ್ಲ ಅಕ್ಕಾ ಅಂತ ಒಂದು ಮಾತು ಅಂದಿದ್ರೆ ಬೇರೆ ಕಡೆ ಕೊಡ್ತಿದ್ವಲ್ಲೇ.' ಆಮೇಲೆ ಪರ್ಸ್ ತೆಗೆದು ಬಾಕಿ ದುಡ್ಡನ್ನು ಎಣಿಸಿ ಕೈಗಿಟ್ಟರು. 'ಮಣಿ ಹಾಕಿದೋರ ಕೂಲಿ ಕೊಡಬೇಕಲ್ಲ, ತಗೋ.' ಬೇಡ ಎನ್ನಬೇಕಿತ್ತು. ಆದರೆ ಅವರು ಹೇಳಿದ್ದು ನಿಜ, ಕೂಲಿ ಕೊಡಬೇಕಿತ್ತು, ನನ್ನ ಬಳಿ ಇರಲಿಲ್ಲ. ತೆಗೆದುಕೊಂಡೆ. ಯಾರ ಹತ್ತಿರವೂ ದುಡ್ಡು ಕೇಳಲು ಬಾರದ ನಾನು, ತೆಗೆದುಕೊಳ್ಳಬಾರದ ಒಂದೇ ದುಡ್ಡನ್ನು ಹೀಗೆ ತೆಗೆದುಕೊಂಡೆ. ಊಟ ಮಾಡದೆ ಹೋಗಬೇಡ ಎಂದು ಪಂಕ್ತಿಯಲ್ಲಿ ಕೂರಿಸಿದರು. ಪಕ್ಕದಲ್ಲಿ ಕೂತ ಹೆಂಗಸು, 'ಅಂಗಡಿ ಹೇಗೆ ನಡೀತಿದೆ?' ಎಂದು ಕೇಳಿದರು. 'ಭಾರಿ ಚೆನ್ನಾಗಿ ನಡೀತಿದೆ' ಅಂದೆ. ಮಾರನೆಯ ದಿನ ಆ ಹುಡುಗಿ ಯಾರದ್ದೋ ಸೀರೆಯ ಕೆಂಪು ರವಿಕೆ ತೊಟ್ಟು ಧಾರೆಗೆ ಕೂತಳು ಎಂದು ಆಮೇಲೆ ಕೇಳಿದೆ.

ಅಂಗಡಿ ದೀಪಾವಳಿಯವರೆಗೂ ಎಳೆಯಿತು, ಆಮೇಲೆ ಮುಚ್ಚಿತು. ಕನ್ನಡಿ, ಗೊಂಬೆ, ಕುರ್ಚಿಯನ್ನು ಬಂದ ಬೆಲೆಗೆ ಕೊಟ್ಟೆ. ಸರ ಬಿಡಿಸಿಕೊಳ್ಳಲಾಗದೆ ಹರಾಜಿಗೆ ಹೋಯಿತು. ಬ್ಯಾಂಕಿನ ಕಂತನ್ನು ಮನೆಯ ಮೆಷಿನ್ ತುಳಿದು ತೀರಿಸಿದೆ. ಮನೆಯವರು ಒಂದು ದಿನವೂ ಆಡಿಕೊಳ್ಳಲಿಲ್ಲ, ಅದಕ್ಕೆ ಋಣಿ.

ಬಹಳ ದಿನ ನಾನು ನನಗೆ ಕೊಟ್ಟುಕೊಂಡ ಬುದ್ಧಿವಾದ ಒಂದೇ: ಅತಿಯಾಸೆ ಪಟ್ಟೆ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು. ಊರೂ ಅದನ್ನೇ ಹೇಳಿತು. ಹೆಣ್ಣು ಸೋತಾಗ ಈ ಗಾದೆ ಸಿದ್ಧವಾಗಿಯೇ ಇರುತ್ತದೆ. ಆದರೆ ಯೋಚಿಸಿದ ಹಾಗೆಲ್ಲ ನನಗೆ ಅದು ಸರಿಯಲ್ಲ ಅನ್ನಿಸತೊಡಗಿತು. ನನ್ನ ಆಸೆ ದೊಡ್ಡದಾಗಿದ್ದರಿಂದ ನವಿಲು ಓರೆಯಾಗಲಿಲ್ಲ. 'ಹುಡುಗಿ ಬಂದು ಅಳತೆ ಕೊಡದೆ ಗುರುತು ಹಾಕಲ್ಲ' ಎಂದು ಹೇಳಲಾರದ್ದರಿಂದ ಓರೆಯಾಯಿತು. 'ಇಷ್ಟು ದಿನಕ್ಕೆ ಆಗಲ್ಲ' ಎನ್ನಲಾರದ್ದರಿಂದ, ಆರಿ ಮಾಡುವಾಕೆ ಕೇಳಿದ ಪ್ರಶ್ನೆಗೆ ನಿಂತು ಉತ್ತರಿಸಲಾರದ್ದರಿಂದ ಓರೆಯಾಯಿತು. ಮುಂದೊಂದು ದಿನ ನಾನಾಗಬೇಕಿದ್ದ ಆ ದೊಡ್ಡ ಹೊಲಿಗೆಯ ಹೆಂಗಸು ಇದ್ದಾಳಲ್ಲ, ಅವಳು ಇವನ್ನೆಲ್ಲ ತಡವರಿಸದೆ ಹೇಳುತ್ತಿದ್ದಳು. ಬೆಲೆ ಹೇಳಿ ಸುಮ್ಮನಿರುತ್ತಿದ್ದಳು. ಬರದ ಕೆಲಸವನ್ನು ಬರುವುದಿಲ್ಲ ಎನ್ನುತ್ತಿದ್ದಳು. ನಾನು ಅವಳ ಕುರ್ಚಿ, ಕನ್ನಡಿ, ಕಾರ್ಡು ಎಲ್ಲ ತಂದುಕೊಂಡೆ. ಮಾತು ಮಾತ್ರ ಹಜಾರದ ಆ ಹಳೆಯ, ಎಲ್ಲರಿಗೂ ಹೂಂ ಅನ್ನುವ ಹೆಂಗಸಿನದೇ ಇತ್ತು.

ಗೆದ್ದ ಹೆಂಗಸರ ಕಥೆಗಳನ್ನು ಆಮೇಲೆ ಬೇರೆ ಕಣ್ಣಿನಿಂದ ಓದಿದೆ. ನಂಜನಗೂಡು ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. ಬಾಲ್ಯದಲ್ಲೇ ಮದುವೆ, ಬಾಲ್ಯದಲ್ಲೇ ವೈಧವ್ಯ. ಅಂಥ ಹೆಣ್ಣುಮಗಳಿಗೆ ಅಂದಿನ ಸಮಾಜ ಇಟ್ಟಿದ್ದ ಜಾಗ ಮನೆಯ ಮೂಲೆ. ಆಕೆ 1913ರಲ್ಲಿ ಸತೀಹಿತೈಷಿಣಿ ಗ್ರಂಥಮಾಲೆ ಶುರುಮಾಡಿದರು, ತಾವು ಬರೆದದ್ದನ್ನು ತಾವೇ ಪ್ರಕಟಿಸಿದರು, ಮುಂದೆ 'ಕರ್ನಾಟಕ ನಂದಿನಿ' ಎಂಬ ಪತ್ರಿಕೆ ನಡೆಸಿದರು. ಪ್ರಕಾಶಕಿ ಎಂದು ಯಾರಾದರೂ ಕರೆಯಲಿ ಎಂದು ಕಾಯಲಿಲ್ಲ, ಪ್ರಕಾಶಕಿಯ ಕೆಲಸ ಮಾಡಿದರು. 1959ರಲ್ಲಿ ಮುಂಬಯಿಯ ಗಿರ್ಗಾಂವ್‌ನಲ್ಲಿ ಲಿಜ್ಜತ್ ಹಪ್ಪಳ ಶುರುಮಾಡಿದ ಏಳು ಹೆಂಗಸರ ಬಳಿ ಇದ್ದದ್ದು 80 ರೂಪಾಯಿ ಸಾಲದ ದುಡ್ಡು. ಮೊದಲ ದಿನ ಆದದ್ದು ನಾಲ್ಕು ಪೊಟ್ಟಣ ಹಪ್ಪಳ. ನಷ್ಟವಾದರೂ ಸರಿ, ದಾನ ದೇಣಿಗೆ ಕೇಳುವುದಿಲ್ಲ ಎಂದು ಅವರು ಮೊದಲೇ ತೀರ್ಮಾನಿಸಿದ್ದರು. ನಾಲ್ಕು ಪೊಟ್ಟಣದ ವ್ಯಾಪಾರದಲ್ಲಿ ಕೂತು ದೊಡ್ಡ ಸಂಸ್ಥೆಯೊಂದು ಆಡುವಂಥ ಮಾತು ಆಡಿದರಲ್ಲ, ಅದು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ನಾನು ಮರೆತು ಬಂದ ಆ ಬೆಂಗಳೂರಿನ ಗ್ಯಾರೇಜಿನ ಅರ್ಥವೂ ಆಗಲೇ ತಿಳಿಯಿತು. ಈ ಹೆಂಗಸರು ಯಶಸ್ಸು ಬರುವ ಮೊದಲೇ ತಮ್ಮ ನಾಳೆಯನ್ನು ಬದುಕಿದ್ದು ನಿಜ. ಅದು ಕಾಣಿಸಿದ್ದು ಅವರು ಮಾಡಿದ ತೀರ್ಮಾನಗಳಲ್ಲಿ, ಬೇಡ ಎಂದದ್ದರಲ್ಲಿ.

ಹಾಗಾದರೆ ನಮಗೆ ಯಾಕೆ ಕುರ್ಚಿಯೇ ಮೊದಲು ಹೊಳೆಯುತ್ತದೆ? ನನಗೆ ತೋಚುವ ಕಾರಣ ಇದು. ಕುರ್ಚಿ ತಂದರೆ ಯಾರಿಗೂ ಬೇಸರವಾಗುವುದಿಲ್ಲ. 'ಮುನ್ನೂರೈವತ್ತಾಯ್ತು ಅಕ್ಕಾ' ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಿದರೆ ಆಗುತ್ತದೆ. ಚಿಕ್ಕಂದಿನಿಂದ ನಮಗೆ ಕಲಿಸಿದ್ದು ಯಾರಿಗೂ ಬೇಸರ ಮಾಡಬೇಡ ಎಂದೇ. ಒಳ್ಳೆಯ ಹೆಣ್ಣುಮಗಳು ದುಡ್ಡಿನ ಮಾತಾಡಳು, ಎದುರು ಹೇಳಳು, ಕೇಳಿದ್ದಕ್ಕೆ ಇಲ್ಲ ಎನ್ನಳು. ಈ ಪಾಠವನ್ನು ಒಳಗೆ ಇಟ್ಟುಕೊಂಡೇ ಹೊರಗೆ ಎಷ್ಟು ಆತ್ಮವಿಶ್ವಾಸ ತೊಟ್ಟರೂ, ಮೊದಲ ಗಿರಾಕಿ 'ಆಮೇಲೆ ಕೊಡ್ತೀನಿ' ಅಂದ ಕೂಡಲೇ ಅದು ಜಾರುತ್ತದೆ.

ಈಗ ಮತ್ತೆ ಮನೆಯಲ್ಲೇ ಹೊಲಿಯುತ್ತೇನೆ. ಗೋಡೆಯ ಮೇಲೆ ದರದ ಪಟ್ಟಿ ಇದೆ. ಅದನ್ನು ತೂಗುಹಾಕಿದ ದಿನ, ಅಂಗಡಿಯ ಬೋರ್ಡು ಏರಿಸಿದ ದಿನಕ್ಕಿಂತ ಹೆಚ್ಚು ಹೆದರಿದ್ದೆ. ಅರ್ಧ ಮುಂಗಡ ಕೊಟ್ಟ ಮೇಲೇ ಕತ್ತರಿ. ಮೊದಲ ಸಲ ನಾದಿನಿಯ ಹತ್ತಿರ ಮುಂಗಡ ಕೇಳಿದಾಗ ಅವಳ ಮುಖ ಸಣ್ಣದಾಯಿತು, ನನ್ನ ನಾಲಿಗೆ ಒಣಗಿತು, ಆದರೂ ಮಾತು ಹಿಂದೆಗೆದುಕೊಳ್ಳಲಿಲ್ಲ. ಅವಳು ಕೊಟ್ಟಳು. ಇನ್ನೂ ನನ್ನ ಹತ್ತಿರವೇ ಹೊಲಿಸುತ್ತಾಳೆ. ನವಿಲು ಮಾಡಿದ್ದ ಆ ಆರಿಯಾಕೆಯ ಹತ್ತಿರ ಹೋಗಿ ಕ್ಷಮೆ ಕೇಳಿ, ಫೀಸು ಕೊಟ್ಟು ಆರಿ ಕಲಿತೆ. ಮದುಮಗಳು ತಾನೇ ಬಂದು ಅಳತೆ ಕೊಡದಿದ್ದರೆ ಈಗ ಕೆಲಸ ಹಿಡಿಯುವುದಿಲ್ಲ. ಅದಕ್ಕಾಗಿ ಕೆಲವು ಗಿರಾಕಿಗಳು ಎದ್ದು ಹೋಗಿದ್ದಾರೆ. ಅವರು ಮೆಟ್ಟಿಲಿಳಿಯುವಾಗ ಕರೆದು ನಿಲ್ಲಿಸಬೇಕು ಅನ್ನಿಸುತ್ತದೆ, ನಿಲ್ಲಿಸುವುದಿಲ್ಲ.

ಹೊಲಿಗೆ ಕಲಿಯಲು ಕೆಲವು ಹುಡುಗಿಯರು ಬರುತ್ತಾರೆ. ಎಲ್ಲರ ಮೊಬೈಲಿನಲ್ಲೂ ಯಾವುದೋ ಬೊಟಿಕ್‌ನ ಚಿತ್ರವಿದೆ. ಆ ಕನಸನ್ನು ಚಿಕ್ಕದು ಮಾಡಿಕೊಳ್ಳಿ ಎಂದು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಹುಕ್ಕು ಹಾಕಲು ಕಲಿಸುವಾಗಲೇ ಇನ್ನೊಂದನ್ನೂ ಅಭ್ಯಾಸ ಮಾಡಿಸುತ್ತೇನೆ. ನಾನು ಗಿರಾಕಿಯಾಗಿ ಚೌಕಾಸಿ ಮಾಡುತ್ತೇನೆ, ನೆಂಟಸ್ತಿಕೆ ಹೇಳುತ್ತೇನೆ, ನಾಳೆಗೇ ಬೇಕು ಅನ್ನುತ್ತೇನೆ. ಅವರು ಬೆಲೆ ಹೇಳಬೇಕು, ದಿನ ಹೇಳಬೇಕು, ಬರದ ಕೆಲಸವಾದರೆ ಬರುವುದಿಲ್ಲ ಅನ್ನಬೇಕು, ಆಮೇಲೆ ನಗುನಗುತ್ತ ಸುಮ್ಮನಿರಬೇಕು. ಮೊದಮೊದಲು ಎಲ್ಲರೂ ತಲೆ ತಗ್ಗಿಸಿ 'ಕೊಡಿ ಅಕ್ಕಾ, ನೀವು ಕೊಟ್ಟಷ್ಟು' ಅನ್ನುತ್ತಾರೆ. ಮತ್ತೆ ಹೇಳಿಸುತ್ತೇನೆ. ನಾಳೆ ಏನಾಗಬೇಕೋ ಇವತ್ತೇ ಹಾಗೆ ಬದುಕಿ ಎಂಬ ಮಾತನ್ನು ನಾನೂ ಅವರಿಗೆ ಹೇಳುತ್ತೇನೆ. ಶುರುಮಾಡಬೇಕಾದದ್ದು ಆ ದರ ಹೇಳುವ ಒಂದು ವಾಕ್ಯದಿಂದ ಎಂಬುದನ್ನೂ ಸೇರಿಸಿ ಹೇಳುತ್ತೇನೆ. ಅದಕ್ಕೆ ಸಾಲ ಬೇಕಿಲ್ಲ, ಬಾಡಿಗೆ ಮಳಿಗೆಯೂ ಬೇಕಿಲ್ಲ.